ಹಿಂದಿನ ಸಾಲಿನ ಬೇಸ್

ಮಂಗಳವಾರ

ಬೆಳಗಿನ ರೈಲು ಶಾಂಪೇನ್ ಊರನ್ನು ಬಿಟ್ಟಾಗ ಹೊಲಗಳ ಮೇಲೆ ತೆಳುವಾಗಿ ಹಿಮ ಹರಡಿತ್ತು. ಕೊಯ್ದ ಮುಸುಕಿನ ಜೋಳದ ಕೂಳೆ ಸಾಲುಸಾಲಾಗಿ ತಲೆ ಎತ್ತಿಕೊಂಡಿತ್ತು. ಇಲಿನಾಯ್ ರಾಜ್ಯದ ಈ ಭಾಗದಲ್ಲಿ ಗುಡ್ಡ ಎಂಬುದೇ ಇಲ್ಲ. ಚಾಮುಂಡಿ ಬೆಟ್ಟವನ್ನು ನೋಡಿಕೊಂಡು ಬೆಳೆದ ಕಣ್ಣಿಗೆ ಇಷ್ಟು ವರ್ಷಗಳಾದರೂ ಈ ಸಪಾಟು ನೆಲ ಒಗ್ಗಿಲ್ಲ. ಪಿಟೀಲಿನ ಪೆಟ್ಟಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕಿಟಕಿಯ ಪಕ್ಕ ಕುಳಿತೆ. ಮೇಲಿನ ಹಲಗೆಯಲ್ಲಿ ಜಾಗವಿತ್ತು, ಆದರೆ ಪಿಟೀಲನ್ನು ಕೈಯಳತೆಯಿಂದ ಆಚೆ ಇಡಬಾರದು ಎಂದು ಮೈಸೂರಿನ ನಮ್ಮ ಮೇಷ್ಟ್ರು ಹೇಳಿಕೊಟ್ಟದ್ದು ಇಂದಿಗೂ ಬಿಟ್ಟುಹೋಗಿಲ್ಲ.

ಹೊರಟಿದ್ದು ಶಿಕಾಗೋದ ಮಿಡ್‌ವೆಸ್ಟ್ ಕ್ಲಿನಿಕ್‌ಗೆ. ಹೆಸರು ಕೇಳಿದವರು ಆಸ್ಪತ್ರೆ ಎಂದುಕೊಳ್ಳುತ್ತಾರೆ. ಇದು ಶಾಲಾ ಬ್ಯಾಂಡ್ ಮತ್ತು ಆರ್ಕೆಸ್ಟ್ರಾ ಶಿಕ್ಷಕರ ಜಾತ್ರೆ. 1946ರಲ್ಲಿ ಶಿಕಾಗೋದ ಒಂದು ವೈಎಂಸಿಎಯಲ್ಲಿ ಸುಮಾರು 120 ಬ್ಯಾಂಡ್ ನಿರ್ದೇಶಕರು ಹೊಸ ಸಂಗೀತವನ್ನು ನುಡಿಸಿ ನೋಡೋಣವೆಂದು ಸೇರಿದ್ದರಿಂದ ಶುರುವಾದದ್ದು ಈಗ ಪ್ರತಿ ಡಿಸೆಂಬರ್‌ನಲ್ಲಿ ಸುಮಾರು 17,000 ಜನರನ್ನು ಸೇರಿಸುತ್ತದೆ. ತಂತಿವಾದ್ಯ ಕಲಿಸುವವರು ಅಲ್ಲಿ ಅಲ್ಪಸಂಖ್ಯಾತರು, ಆದರೂ ನಮಗೆ ಬೇಕಾದಷ್ಟು ಸಿಗುತ್ತದೆ. ಈ ರಾಜ್ಯದಲ್ಲಿ ಶಿಕ್ಷಕರ ಪರವಾನಗಿಯನ್ನು ನವೀಕರಿಸಲು ಐದು ವರ್ಷಗಳಲ್ಲಿ 120 ಗಂಟೆಗಳ ವೃತ್ತಿ ತರಬೇತಿ ತೋರಿಸಬೇಕು. ಅದರಲ್ಲಿ ಎಷ್ಟೋ ಗಂಟೆಗಳನ್ನು ಗಣಿತ, ವಿಜ್ಞಾನದ ಮೇಷ್ಟ್ರುಗಳ ಜೊತೆ ಪರೀಕ್ಷೆಯ ಅಂಕಪಟ್ಟಿಗಳನ್ನು ನೋಡುತ್ತಾ ಕಳೆದಿದ್ದೇನೆ. ಕಮಾನು ಹಿಡಿಯುವ ಕೈಯ ಬಗ್ಗೆ ಅಲ್ಲಿ ಯಾರೂ ಒಂದು ಮಾತೂ ಆಡುವುದಿಲ್ಲ.

ನನ್ನ ಏಳನೆಯ ತರಗತಿಯ ಆರ್ಕೆಸ್ಟ್ರಾದಲ್ಲಿ ಮೂವತ್ತನಾಲ್ಕು ಮಕ್ಕಳಿದ್ದಾರೆ. ಅವಧಿ ನಲವತ್ತೆರಡು ನಿಮಿಷ. ಶ್ರುತಿ ಮಾಡುವುದರಲ್ಲೇ ಹತ್ತು ನಿಮಿಷ ಹೋಗುತ್ತದೆ. ವಯೊಲಿನ್, ವಯೋಲಾ, ಚೆಲ್ಲೊ, ಎಲ್ಲರ ಹಿಂದೆ ಗೋಡೆಗೆ ಒರಗಿದಂತೆ, ಆಳೆತ್ತರದ ಮಂದ್ರ ತಂತಿವಾದ್ಯವಾದ ಡಬಲ್ ಬೇಸ್ ಹಿಡಿದ ಒಬ್ಬನೇ ಒಬ್ಬ ಹುಡುಗ. ಮಾತು ಕಡಿಮೆ. ಹೇಳಿದ್ದನ್ನು ಮಾಡುತ್ತಾನೆ, ಗಲಾಟೆ ಮಾಡುವುದಿಲ್ಲ. ಗಲಾಟೆ ಮಾಡದ ಮಗುವಿನ ಕಡೆ ಕಣ್ಣು ಹೋಗುವುದು ಕೊನೆಗೆ. ಹೊರಡುವ ಹಿಂದಿನ ದಿನ ಅವನು ಪಾಠ ಮುಗಿದ ಮೇಲೆ ಬಂದು, "ನನ್ನ ಬೆನ್ನು ನೋಯುತ್ತದೆ, ಮುಂದಿನ ವರ್ಷ ಆರ್ಕೆಸ್ಟ್ರಾ ಬಿಡಬಹುದೇ?" ಎಂದು ಕೇಳಿದ್ದ. ಬಾಯಿಗೆ ಬಂದ ಸಮಾಧಾನ ಹೇಳಿ ಕಳಿಸಿದೆ. ರೈಲಿನಲ್ಲಿ ಕುಳಿತ ಮೇಲೆ ಆ ಮಾತು ಮತ್ತೆ ಮತ್ತೆ ಬಂದು ಎದುರು ನಿಂತಿತು.

ಶಿಕಾಗೊ ಹತ್ತಿರವಾದಾಗ ರೈಲು ನಿಂತು, ಹಿಮ್ಮುಖವಾಗಿ ಚಲಿಸಿ ಯೂನಿಯನ್ ನಿಲ್ದಾಣವನ್ನು ಸೇರುತ್ತದೆ. ಪ್ರತಿ ಸಲ ಹಾಗೆಯೇ. ಹಿಂದೆ ಕುಳಿತವರೇ ಮೊದಲು ಊರು ಮುಟ್ಟುತ್ತಾರೆ.

ಬುಧವಾರ

ಮೆಕಾರ್ಮಿಕ್ ಪ್ಲೇಸ್ ಮಿಷಿಗನ್ ಸರೋವರದ ಬದಿಯಲ್ಲಿದೆ. ಉತ್ತರ ಅಮೆರಿಕದ ಅತಿ ದೊಡ್ಡ ಸಮಾವೇಶ ಭವನ. ಸರೋವರದಿಂದ ಬೀಸುವ ಗಾಳಿ ಕೋಟಿನ ಗುಂಡಿಗಳ ಸಂದಿಯಲ್ಲಿ ನುಗ್ಗುತ್ತದೆ. ಒಳಗೆ ಕಾಲಿಟ್ಟರೆ ಇನ್ನೊಂದು ಲೋಕ. ಕೊರಳಿಗೆ ಗುರುತುಪಟ್ಟಿ, ಬೆನ್ನಿಗೆ ವಾದ್ಯ, ಕೈಯಲ್ಲಿ ಕಾಫಿ. ಪ್ರದರ್ಶನ ಮಳಿಗೆಗಳ ಸಭಾಂಗಣದಲ್ಲಿ ಒಂದು ಕಡೆ ಹತ್ತು ಜನ ತುತ್ತೂರಿ ಪರೀಕ್ಷೆ ಮಾಡುತ್ತಿದ್ದರೆ ಪಕ್ಕದಲ್ಲೇ ಯಾರೋ ಡ್ರಮ್ಮು ಬಾರಿಸುತ್ತಿರುತ್ತಾರೆ. ಅಲ್ಲಿ ಅರ್ಧ ಗಂಟೆ ಸುತ್ತಿ, ಕಮಾನಿಗೆ ಹಚ್ಚುವ ರಾಳ ಎರಡು ಡಬ್ಬಿ ಕೊಂಡು ಹೊರಬಂದೆ.

ಬೆಳಗಿನ ಗೋಷ್ಠಿ ಪಾಲ್ ರೋಲಂಡ್ ಅವರ ಪದ್ಧತಿಯನ್ನು ಕುರಿತದ್ದು. ಇದಕ್ಕಾಗಿ ನಾನು ಶಿಕಾಗೋವರೆಗೆ ಬರಬೇಕಾಯಿತು, ಆದರೆ ರೋಲಂಡ್ ಕೆಲಸ ಮಾಡಿದ್ದು ನಮ್ಮೂರಿನಲ್ಲೇ. ಹಂಗೆರಿಯಲ್ಲಿ ಹುಟ್ಟಿದ ಅವರು ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1966ರಿಂದ 1971ರವರೆಗೆ ತಂತಿವಾದ್ಯ ಬೋಧನೆಯ ಒಂದು ಸಂಶೋಧನಾ ಯೋಜನೆಯನ್ನು ನಡೆಸಿದರು. ಮಕ್ಕಳಿಗೆ ಪಾಠ ಹೇಳುತ್ತಾ ಅದನ್ನೇ ಚಲನಚಿತ್ರಗಳಾಗಿ ದಾಖಲಿಸಿದರು. ಅವರು ಹಿಡಿದದ್ದು ಒಂದೇ ಸಂಗತಿ: ಮೊದಲ ದಿನದಿಂದ ಮೈ ಚಲಿಸುತ್ತಿರಬೇಕು, ಎಲ್ಲೂ ಬಿಗಿಯಬಾರದು. ಮಗುವಿಗೆ "ಹೀಗೆ ಹಿಡಿ, ಅಲುಗಾಡಬೇಡ" ಎಂದರೆ ಅದು ಮರದ ಗೊಂಬೆಯಾಗುತ್ತದೆ. ಅದರ ಬದಲು ಪಿಟೀಲನ್ನು ಎಡಗೈಯಲ್ಲಿ ತಲೆಯ ಮೇಲಕ್ಕೆ, ಸ್ವಾತಂತ್ರ್ಯ ದೇವತೆಯ ಪ್ರತಿಮೆಯ ಪಂಜಿನಂತೆ ಎತ್ತಿಸಿ, ಅಲ್ಲಿಂದ ಹೆಗಲಿಗೆ ಇಳಿಸಬೇಕು. ಆಗ ವಾದ್ಯ ತಾನಾಗಿ ತನ್ನ ಜಾಗದಲ್ಲಿ ಬಂದು ಕೂರುತ್ತದೆ. ಎಡಗೈ ಮೊದಲ ವಾರದಿಂದಲೇ ತಂತಿಯ ಕೆಳತುದಿಯಿಂದ ಮೇಲ್ತುದಿಯವರೆಗೆ ಲಾಳಿಯಂತೆ ಓಡಾಡಬೇಕು. ಒಂದೇ ಜಾಗದಲ್ಲಿ ವರ್ಷಗಟ್ಟಲೆ ಅಂಟಿಕೊಂಡ ಕೈ ಆಮೇಲೆ ಸರಿಯೆಂದರೆ ಸರಿಯುವುದಿಲ್ಲ.

ಇನ್ನೂರು ಜನ ಮೇಷ್ಟ್ರುಗಳು ಒಟ್ಟಿಗೆ ಎದ್ದು ನಿಂತು ಪಿಟೀಲುಗಳನ್ನು ತಲೆಯ ಮೇಲೆ ಎತ್ತಿದರು. ನಾನೂ ಎತ್ತಿದೆ. ಕಣ್ಣು ಒದ್ದೆಯಾಯಿತು. ಲಕ್ಷ್ಮೀಪುರದ ನಮ್ಮ ಮೇಷ್ಟ್ರ ಮನೆಯ ಕೆಂಪು ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು, ಪಿಟೀಲಿನ ತಲೆಯನ್ನು ಬಲಗಾಲಿನ ಹಿಮ್ಮಡಿಯ ಬಳಿ ಊರಿ ಸರಳೆ ವರಸೆ ನುಡಿಸುತ್ತಿದ್ದ ಎಂಟು ವರ್ಷದ ಹುಡುಗಿ ನೆನಪಾದಳು. ಆ ಭಂಗಿಯಲ್ಲಿ ವಾದ್ಯವನ್ನು ಹೊರುವ ಭಾರವೇ ಇಲ್ಲ. ಅದು ಕಾಲಿನ ಮೇಲೆ ನಿಂತಿರುತ್ತದೆ, ಎಡಗೈ ಗಮಕಕ್ಕೆ ಪೂರ್ತಿ ಸ್ವತಂತ್ರ. ರೋಲಂಡ್ ಇಷ್ಟೆಲ್ಲ ಸಂಶೋಧನೆ ಮಾಡಿ ಗಳಿಸಿಕೊಡಲು ಹೊರಟ ಸಡಿಲತೆಯನ್ನು ನಮ್ಮ ಹಿರಿಯರು ವಾದ್ಯವನ್ನು ನೆಲಕ್ಕೆ ಇಳಿಸಿ ಪಡೆದಿದ್ದರು. ಈ ದೇಶಕ್ಕೆ ಬಂದು ಪಾಶ್ಚಾತ್ಯ ಪದ್ಧತಿಯನ್ನು ಮೊದಲಿನಿಂದ ಕಲಿತಾಗ ನನ್ನ ಹೆಗಲು ಎರಡು ವರ್ಷ ಕಲ್ಲಾಗಿತ್ತು. ಆಗ ಯಾರಾದರೂ ಈ ಪಂಜಿನ ಪಾಠ ಹೇಳಿದ್ದರೆ ಎಂದು ಅನ್ನಿಸಿತು.

ರಾತ್ರಿ ಹೋಟೆಲಿನಿಂದ ಅಮ್ಮನಿಗೆ ಫೋನ್ ಮಾಡಿದೆ. ಮೈಸೂರಿನಲ್ಲಿ ಆಗ ಬೆಳಿಗ್ಗೆ.

"ಏನೇ, ಪಾಠ ಹೇಳುವವಳಾದ ಮೇಲೂ ಪಾಠಕ್ಕೆ ಹೋಗುತ್ತೀಯಾ?" ಎಂದರು.

"ಹೋಗಲೇಬೇಕಮ್ಮ. ಇಲ್ಲದಿದ್ದರೆ ನಿಂತುಹೋಗುತ್ತೇನೆ."

"ಅದೂ ಸರಿಯೇ. ನಿಮ್ಮ ಮೇಷ್ಟ್ರು ಪ್ರತಿ ಡಿಸೆಂಬರ್ ಮದರಾಸಿಗೆ ಹೋಗುತ್ತಿರಲಿಲ್ಲವೇ? ಮುಂದಿನ ಸಾಲಿನಲ್ಲಿ ಕುಳಿತು ಪುಸ್ತಕದಲ್ಲಿ ಬರೆದುಕೊಂಡು ಬರುತ್ತಿದ್ದರು."

ಮರೆತೇಬಿಟ್ಟಿದ್ದೆ. ಸಂಜೆಯ ಕಚೇರಿಗಿಂತ ಅವರಿಗೆ ಮ್ಯೂಸಿಕ್ ಅಕಾಡೆಮಿಯ ಬೆಳಗಿನ ಉಪನ್ಯಾಸ, ಪ್ರಾತ್ಯಕ್ಷಿಕೆಗಳೇ ಮುಖ್ಯವಾಗಿದ್ದವು. ಊರಿಗೆ ಬಂದ ಮೇಲೆ ಒಂದು ವಾರ ಪಾಠ ಮಾಡುವ ಬದಲು ಅಲ್ಲಿ ಕೇಳಿದ್ದನ್ನು ನಮಗೆ ಹೇಳುತ್ತಿದ್ದರು. ಅದೇ ಡಿಸೆಂಬರ್ ತಿಂಗಳು, ಅದೇ ಕೆಲಸ. ನಡುವೆ ಎರಡು ಸಾಗರಗಳು, ಅಷ್ಟೇ.

ಗುರುವಾರ

ಈ ದಿನದ ಬಗ್ಗೆ ನಿಧಾನವಾಗಿ ಬರೆಯಬೇಕು.

ವೇಳಾಪಟ್ಟಿಯಲ್ಲಿ ಎಂಟೂವರೆಗೆ ಬೇಸ್ ನುಡಿಸದ ಶಿಕ್ಷಕರಿಗಾಗಿ ಬೇಸ್ ಪಾಠ ಎಂದಿತ್ತು. ಒಳಗೆ ಹೋದರೆ ಗೋಡೆಯ ಉದ್ದಕ್ಕೂ ಇಪ್ಪತ್ತು ಡಬಲ್ ಬೇಸ್‌ಗಳು ಮಗ್ಗುಲಾಗಿ ಮಲಗಿದ್ದವು, ನೀರು ಕುಡಿದು ಮಲಗಿದ ಎಮ್ಮೆಗಳ ಹಾಗೆ. ಹೇಳಿಕೊಡುವವರು ಎಪ್ಪತ್ತರ ಹತ್ತಿರದ, ನಿವೃತ್ತ ಶಾಲಾ ಶಿಕ್ಷಕರು. ಮೊದಲು ಕೇಳಿದ್ದು, "ನಿಮ್ಮಲ್ಲಿ ವಯೊಲಿನ್ ನುಡಿಸುವವರು ಎಷ್ಟು ಜನ?" ಮುಕ್ಕಾಲು ಪಾಲು ಕೈಗಳು ಮೇಲೆದ್ದವು. "ಸರಿ. ಇವತ್ತು ನೀವೆಲ್ಲ ಆರನೆಯ ತರಗತಿ. ಒಂದೊಂದು ಎತ್ತಿಕೊಳ್ಳಿ."

ಹದಿನೈದು ವರ್ಷಗಳಿಂದ ಆರ್ಕೆಸ್ಟ್ರಾ ಕಲಿಸುತ್ತಿದ್ದೇನೆ. ಕಾಲೇಜಿನಲ್ಲಿ ಒಂದು ಸೆಮಿಸ್ಟರ್ ಬೇಸ್ ಕಲಿತದ್ದು ಉಂಟು, ಪರೀಕ್ಷೆ ಮುಗಿದ ಮೇಲೆ ಮುಟ್ಟಿರಲಿಲ್ಲ. ತರಗತಿಯಲ್ಲಿ ಬೇಸ್ ಕೆಟ್ಟಾಗ ಎತ್ತಿ ಪಕ್ಕಕ್ಕಿಟ್ಟಿದ್ದೇನೆ, ಶ್ರುತಿ ಮಾಡಿದ್ದೇನೆ. ನಿಂತು ಒಂದು ಗಂಟೆ ನುಡಿಸಿದವಳಲ್ಲ.

ಮೊದಲ ಪಾಠ ನಿಲ್ಲುವುದು. ವಾದ್ಯದ ಕೆಳಗಿನ ಕಬ್ಬಿಣದ ಕಡ್ಡಿಯನ್ನು ಎಷ್ಟು ಎಳೆಯಬೇಕು ಎಂಬುದಕ್ಕೆ ಅವರು ಒಂದು ಗುರುತು ಕೊಟ್ಟರು. ನೆಟ್ಟಗೆ ನಿಂತಾಗ ಬೆರಳುಹಲಗೆಯ ಮೇಲ್ತುದಿ, ತಂತಿಗಳು ಬಿರಡೆಗಳ ಕಡೆ ಹೊರಡುವ ಜಾಗ, ನಿಮ್ಮ ಹುಬ್ಬಿನ ಸಮಕ್ಕೆ ಬರಬೇಕು. ಬಲಗೈ ಇಳಿಬಿಟ್ಟರೆ ಬೆನ್ನು ಬಾಗದೆ ಕಮಾನು ಕುದುರೆಯ, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡಿನ, ಹತ್ತಿರ ತಂತಿಯನ್ನು ಮುಟ್ಟಬೇಕು. "ಮಕ್ಕಳು ಒಂದು ಬೇಸಿಗೆ ರಜೆಯಲ್ಲಿ ಗೇಣುದ್ದ ಬೆಳೆಯುತ್ತಾರೆ. ಕಡ್ಡಿ ಮಾತ್ರ ಹೋದ ವರ್ಷ ಎಲ್ಲಿತ್ತೋ ಅಲ್ಲೇ ಇರುತ್ತದೆ. ಸೆಪ್ಟೆಂಬರ್‌ನಲ್ಲಿ ನೀವು ನೋಡಿದಿರಾ?" ಎಂದು ಕೇಳಿದರು.

ನಾನು ನೋಡಿರಲಿಲ್ಲ. ಕಣ್ಣ ಮುಂದೆ ಅವನು ಬಂದ: ಬೇಸಿನ ಹೆಗಲಿನ ಮೇಲೆ ಕವುಚಿಕೊಂಡು, ಗಲ್ಲ ಮುಂದೆ ಚಾಚಿ, ಸ್ವರಪುಸ್ತಕದ ಕಡೆ ಇಣುಕುವ ಹುಡುಗ. ಅದನ್ನು ನಾನು ಅವನ ನಾಚಿಕೆ ಎಂದುಕೊಂಡಿದ್ದೆ.

ಆಮೇಲೆ ಎಡಗೈ. ಬೇಸಿನ ತಂತಿ ನನ್ನ ಪಿಟೀಲಿನ ಮಂದ್ರ ತಂತಿಗಿಂತ ಎಷ್ಟೋ ದಪ್ಪ. ನಾನು ಹೆಬ್ಬೆರಳನ್ನು ಹಿಂದಿನಿಂದ ಒತ್ತಿ ಹಿಡಿದೆ. ಎರಡು ನಿಮಿಷಕ್ಕೆ ಬುಡ ಉರಿಯತೊಡಗಿತು. ಅವರು ಬಂದು ನನ್ನ ಮೊಣಕೈಯ ಕೆಳಗೆ ಎರಡು ಬೆರಳು ಇಟ್ಟು, "ಹೆಬ್ಬೆರಳನ್ನು ಪೂರ್ತಿ ತೆಗೆಯಿರಿ. ಈಗ ತೋಳಿನ ಭಾರದಿಂದ ತಂತಿಗೆ ನೇತುಬೀಳಿ" ಎಂದರು. ತೆಗೆದೆ. ತಂತಿ ಇಳಿಯಿತು, ನಾದ ಬಂತು. ಒತ್ತಿದ್ದರಿಂದ ಬಾರದ್ದು ತೂಗಿದ್ದರಿಂದ ಬಂತು. ಬೆರಳುಗಳೂ ನಮ್ಮ ಹಾಗಲ್ಲ. ಬಿರಡೆಗಳ ಹತ್ತಿರದ ಕೈಸ್ಥಾನಗಳಲ್ಲಿ ಉಂಗುರ ಬೆರಳು ಒಂಟಿಯಾಗಿ ಕೆಲಸ ಮಾಡುವುದಿಲ್ಲ, ಕಿರುಬೆರಳಿಗೆ ಜೊತೆ ಕೊಡುತ್ತದೆ. ತೋರುಬೆರಳಿನಿಂದ ಕಿರುಬೆರಳಿಗೆ ಇಡೀ ಅಂಗೈ ಚಾಚಿದರೆ ಒಂದು ಪೂರ್ಣ ಸ್ವರದ ಅಂತರ, ಅಷ್ಟೇ ಸಿಗುವುದು.

ಅನಂತರ ಅವರು, "ಡಿ ಮೇಜರ್ ಸ್ವರಶ್ರೇಣಿ ನುಡಿಸೋಣ. ನಿಮ್ಮ ಮಕ್ಕಳಿಗೆ ಮೊದಲು ಕಲಿಸುವುದು ಅದೇ ಅಲ್ಲವೇ?" ಎಂದರು.

ಹೌದು, ಅದೇ. ಅಮೆರಿಕದ ಶಾಲೆಗಳಲ್ಲಿ ಆರಂಭದ ತರಗತಿ ಸಾಮಾನ್ಯವಾಗಿ ಅಲ್ಲಿಂದಲೇ ಶುರುವಾಗುತ್ತದೆ. ನಮ್ಮ ಲೆಕ್ಕದಲ್ಲಿ ಶಂಕರಾಭರಣ. ವಯೊಲಿನ್‌ನಲ್ಲಿ ಅದಕ್ಕಿಂತ ಸುಲಭವಾದದ್ದಿಲ್ಲ. ಖಾಲಿ ಡಿ ತಂತಿ ಷಡ್ಜ, ಅದರ ಮೇಲೆ ಮೂರು ಬೆರಳು ಇಟ್ಟರೆ ರಿ, ಗ, ಮ. ಖಾಲಿ ಎ ತಂತಿ ಪಂಚಮ, ಅದೇ ಮೂರು ಬೆರಳು ಅದೇ ಅಂತರದಲ್ಲಿ ಇಟ್ಟರೆ ದ, ನಿ, ಸ. ಕೈ ಒಂದು ನೂಲೂ ಸರಿಯಬೇಕಾಗಿಲ್ಲ. ವಯೋಲಾಗೂ ಹಾಗೆಯೇ. ಚೆಲ್ಲೊದಲ್ಲಿ ಬೆರಳು ಬೇರೆಯಾದರೂ ಕೈ ಇದ್ದಲ್ಲೇ ಇರುತ್ತದೆ.

ಬೇಸಿನಲ್ಲಿ ಷಡ್ಜ ನುಡಿಸಿದೆ, ಖಾಲಿ ಡಿ. ರಿ ತೋರುಬೆರಳು, ಗ ಕಿರುಬೆರಳು. ಮ ಖಾಲಿ ಜಿ ತಂತಿ, ಏಕೆಂದರೆ ಬೇಸಿನ ತಂತಿಗಳ ನಡುವೆ ಪಂಚಮದ ಅಂತರವಿಲ್ಲ, ಮಧ್ಯಮದ ಅಂತರ. ಪ ತೋರುಬೆರಳು, ದ ಕಿರುಬೆರಳು. ಅಲ್ಲಿಗೆ ಬೆರಳುಗಳು ಮುಗಿದವು. ನಿಷಾದಕ್ಕೆ ಬೆರಳಿಲ್ಲ, ಮುಂದೆ ತಂತಿಯೂ ಇಲ್ಲ. ಇಡೀ ಕೈ ಎತ್ತಿ ಮೂರನೆಯ ಸ್ಥಾನಕ್ಕೆ ಹಾರಬೇಕು. ಅಲ್ಲಿ ನಡುಬೆರಳಿನಿಂದ ನಿ, ಕಿರುಬೆರಳಿನಿಂದ ಮೇಲಿನ ಸ. ಹಾರಿ ಇಳಿದ ಜಾಗ ಸರಿಯೋ ತಪ್ಪೋ ಹೇಳಲು ಬೆರಳುಹಲಗೆಯಲ್ಲಿ ಒಂದು ಗುರುತೂ ಇಲ್ಲ.

ನನ್ನ ನಿಷಾದ ತಪ್ಪಿತು. ಇನ್ನೊಮ್ಮೆ ನುಡಿಸಿದೆ, ಇನ್ನೊಮ್ಮೆ ತಪ್ಪಿತು. ಅಲ್ಲೇ ನಿಂತುಬಿಟ್ಟೆ.

ನನ್ನ ಆ ಹುಡುಗ ಹೋದ ವರ್ಷ ಆರನೆಯ ತರಗತಿಯಲ್ಲಿದ್ದಾಗಿನಿಂದ ಪ್ರತಿ ದಿನ ಈ ಶ್ರೇಣಿಯ ಕೊನೆಯ ಎರಡು ಸ್ವರಗಳಲ್ಲಿ ಕಮಾನು ನಿಲ್ಲಿಸಿಬಿಡುತ್ತಿದ್ದ. ಎಲ್ಲರೂ ನಿ, ಸ ಎಂದು ಮೇಲೆ ಹತ್ತಿ ಮುಗಿಸಿದಾಗ ಹಿಂದಿನ ಸಾಲು ಮೌನ. "ಮನೆಯಲ್ಲಿ ಅಭ್ಯಾಸ ಮಾಡು" ಎಂದು ಎಷ್ಟು ಸಲ ಹೇಳಿದ್ದೇನೆ! ವಯೊಲಿನ್ ಮಕ್ಕಳು ಎರಡು ವರ್ಷ ಕಳೆದ ಮೇಲೆ ಕಲಿಯುವ ಕೈ ಸರಿಸುವ ವಿದ್ಯೆಯನ್ನು ಅವನಿಂದ ಮೊದಲ ತಿಂಗಳಲ್ಲೇ ಕೇಳಿದ್ದೆ, ಅದನ್ನು ಕಲಿಸದೆ ಕೇಳಿದ್ದೆ. ಇನ್ನು ಮನೆಯಲ್ಲಿ ಅಭ್ಯಾಸದ ಮಾತು. ಶಾಲೆಯ ಹಳದಿ ಬಸ್ಸಿನಲ್ಲಿ ಡಬಲ್ ಬೇಸ್ ಹತ್ತುವುದಿಲ್ಲ. ಅವನ ಮನೆಯಲ್ಲಿ ವಾದ್ಯವೇ ಇಲ್ಲ.

ಗೋಷ್ಠಿ ಮುಗಿದ ಮೇಲೆ ಆ ಹಿರಿಯರ ಬಳಿ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಬೇಸನ್ನು ಒರಸುತ್ತಾ, "ಅವನಿಗೆ ಒಂದು ಎತ್ತರದ ಸ್ಟೂಲು ಕೊಡಿ, ಕಡ್ಡಿ ಎಳೆಯಿರಿ, ದಿನಕ್ಕೆ ಐದು ನಿಮಿಷ ಅವನ ಪಕ್ಕ ನಿಂತು ಪಾಠ ಮಾಡಿ. ಮುಂದಿನ ಸಾಲು ಕಾಯುತ್ತದೆ" ಎಂದರು. ಶ್ರೇಣಿಯನ್ನು ತಗ್ಗಿಸುವ ದಾರಿಯನ್ನೂ ತೋರಿಸಿದರು. ಕೈ ಸರಿಸುವುದು ಕೂಡಿಬರುವವರೆಗೆ ಕೊನೆಯ ನಿ, ಸ ಎರಡನ್ನೂ ಒಂದು ಸ್ಥಾಯಿ ಕೆಳಗೆ ನುಡಿಸಲಿ, ಎ ತಂತಿಯ ಮೇಲೆ ಕಿರುಬೆರಳು, ಆಮೇಲೆ ಖಾಲಿ ಡಿ. ಸ್ವರ ಅದೇ. ಹುಡುಗ ಮೌನವಾಗಿ ನಿಲ್ಲುವ ಅಗತ್ಯವಿಲ್ಲ.

ಮಧ್ಯಾಹ್ನ ವಾದ್ಯ ದುರಸ್ತಿಯ ತರಬೇತಿ. ಇಲ್ಲಿನ ಚಳಿಗಾಲದಲ್ಲಿ ಕಟ್ಟಡಗಳ ಬಿಸಿಗಾಳಿ ಮರವನ್ನು ಒಣಗಿಸುತ್ತದೆ, ಬಿರಡೆಗಳು ಕುಗ್ಗಿ ಜಾರುತ್ತವೆ. ಸೋಮವಾರ ಬೆಳಿಗ್ಗೆ ಪೆಟ್ಟಿಗೆ ತೆರೆದರೆ ನಾಲ್ಕೂ ತಂತಿ ಸಡಿಲ, ಕುದುರೆ ಮಲಗಿರುತ್ತದೆ. ಮೈಸೂರಿನ ಮಳೆಗಾಲದಲ್ಲಿ ಇದರ ಉಲ್ಟಾ, ಬಿರಡೆ ಉಬ್ಬಿ ತಿರುಗುವುದೇ ಇಲ್ಲ. ಕುದುರೆಯನ್ನು ನೆಟ್ಟಗೆ ನಿಲ್ಲಿಸುವುದು, ಬಿರಡೆಯನ್ನು ಒಳಕ್ಕೆ ಒತ್ತುತ್ತಲೇ ತಿರುಗಿಸುವುದು, ಒಳಗೆ ನಿಂತ ಸೌಂಡ್ ಪೋಸ್ಟ್ ಬಿದ್ದಿದ್ದರೆ ತಂತಿಗಳನ್ನು ತಕ್ಷಣ ಸಡಿಲಿಸಿ ದುರಸ್ತಿಯವರ ಬಳಿ ಒಯ್ಯುವುದು, ಇಷ್ಟು ಕಲಿತೆ. ಆ ಪುಟ್ಟ ಮರದ ಕಡ್ಡಿಯನ್ನು ಫ್ರೆಂಚರು ಆತ್ಮ ಎಂಬ ಅರ್ಥದ ಮಾತಿನಿಂದ ಕರೆಯುತ್ತಾರೆ.

ಶುಕ್ರವಾರ

ಬೆಳಿಗ್ಗೆ ಹೊಸ ಕೃತಿಗಳನ್ನು ಓದಿ ನುಡಿಸುವ ಗೋಷ್ಠಿ. ಶಿಕ್ಷಕರೇ ಆರ್ಕೆಸ್ಟ್ರಾ ಆಗಿ ಕುಳಿತು, ಶಾಲೆಗಳಿಗಾಗಿ ಬರೆದ ಸಂಗೀತವನ್ನು ಒಂದರ ಹಿಂದೊಂದು ನುಡಿಸಿ ನೋಡುತ್ತಾರೆ. ಇದು ಈ ಸಮಾವೇಶದ ಮೂಲ ಕಸುಬು. ಹಿಂದಿನ ವರ್ಷಗಳಲ್ಲಿ ಮೊದಲ ವಯೊಲಿನ್‌ನ ರಾಗ ಕಿವಿಗೆ ಹಿಡಿಸಿದರೆ ಕೃತಿಯನ್ನು ಆರಿಸಿಬಿಡುತ್ತಿದ್ದೆ. ಈ ಸಲ ಪುಟದ ಕೆಳಸಾಲನ್ನೇ ಓದಿದೆ. ಬೇಸ್ ಸಾಲಿನಲ್ಲಿ ಮೂವತ್ತೆರಡು ಅಳತೆಗಳ, ಅಂದರೆ ನಮ್ಮ ತಾಳದ ಆವರ್ತದಂಥ ಭಾಗಗಳ, ಉದ್ದಕ್ಕೂ ದೀರ್ಘ ಸ್ವರ ಬಿಟ್ಟು ಬೇರೇನೂ ಇಲ್ಲದ ಕೃತಿಗಳನ್ನು ಪಕ್ಕಕ್ಕಿಟ್ಟೆ. ಹನ್ನೆರಡು ವರ್ಷದ ಹುಡುಗ ತನಗಿಂತ ಎತ್ತರದ ವಾದ್ಯವನ್ನು ಹೊತ್ತು ತಂದು ನಿಂತಿರುತ್ತಾನೆ, ಅವನಿಗೂ ಎಂಟು ಅಳತೆಯಾದರೂ ರಾಗ ಕೊಡಬೇಕು. ಅಂಥವು ಎರಡು ಸಿಕ್ಕವು, ಎರಡನ್ನೂ ಕೊಂಡೆ.

ಸಂಜೆ ಟೆಕ್ಸಾಸ್‌ನ ಒಂದು ಮಿಡಲ್ ಸ್ಕೂಲಿನ ಆರ್ಕೆಸ್ಟ್ರಾ ನುಡಿಸಿತು. ಎಂಟು ಬೇಸ್‌ಗಳು! ಮಕ್ಕಳು ನೆಟ್ಟಗೆ ನಿಂತಿದ್ದರು, ಬೆನ್ನು ಸೆಟೆದಿರಲಿಲ್ಲ. ಎಂಟು ಕಮಾನುಗಳು ಒಟ್ಟಿಗೆ ತಂತಿಗೆ ತಗುಲಿದಾಗ ನಾದ ಕಿವಿಗಿಂತ ಮೊದಲು ಕುರ್ಚಿಯ ಹಲಗೆಯ ಮೂಲಕ ಮೈಗೆ ಬಂತು. ಅದರ ಮೇಲೆ ಉಳಿದವರ ಶ್ರುತಿ ಆರಾಮವಾಗಿ ಕೂತಿತ್ತು. ನಮ್ಮಲ್ಲಿ ತಂಬೂರಿ ಮಾಡುವ ಕೆಲಸವನ್ನು ಇಲ್ಲಿ ಇವರು ಮಾಡುತ್ತಾರೆ ಎಂದು ಅನ್ನಿಸಿತು. ತಂಬೂರಿ ಸೇರದೆ ಹಾಡಲು ನಮ್ಮ ಮೇಷ್ಟ್ರು ಎಂದೂ ಬಿಟ್ಟವರಲ್ಲ. ನಾನು ಮಾತ್ರ ಒಂದೂವರೆ ವರ್ಷ ನನ್ನ ತರಗತಿಯ ತಂಬೂರಿಯನ್ನು ಗೋಡೆಗೆ ಒರಗಿಸಿಟ್ಟು, ಮುಂದಿನ ಸಾಲಿನ ಶ್ರುತಿ ಏಕೆ ಕೂರುವುದಿಲ್ಲ ಎಂದು ಹುಡುಕುತ್ತಿದ್ದೆ.

ಶನಿವಾರ

ಊರಿಗೆ ಬಂದಾಗ ಕತ್ತಲಾಗುತ್ತಿತ್ತು. ಶಾಲೆಗೆ ಚಳಿಗಾಲದ ರಜೆ ಶುರುವಾಗಿತ್ತು. ಮನೆಗೆ ಹೋಗುವ ದಾರಿಯಲ್ಲಿ ಕಾರನ್ನು ಶಾಲೆಯ ಕಡೆಗೆ ತಿರುಗಿಸಿದೆ. ಸಂಗೀತದ ಕೋಣೆಯ ಬೀಗದ ಕೈ ನನ್ನ ಬಳಿಯೇ ಇರುತ್ತದೆ.

ದೀಪ ಹಾಕಿದೆ. ಬೇಸ್ ಮೂಲೆಯಲ್ಲಿತ್ತು. ಕೆಳಗಿನ ಕಡ್ಡಿಯ ತಿರುಪನ್ನು ಬಿಚ್ಚಲು ನೋಡಿದೆ, ಹಿಡಿದುಕೊಂಡಿತ್ತು. ಎಷ್ಟು ದಿನದಿಂದ ಯಾರೂ ತಿರುಗಿಸಿರಲಿಲ್ಲವೋ. ಟವೆಲ್ ಸುತ್ತಿ ತಿರುಗಿಸಿದ ಮೇಲೆ ಸಡಿಲವಾಯಿತು. ಆ ಹುಡುಗ ನನ್ನ ಎತ್ತರಕ್ಕೆ ಬಂದಿದ್ದಾನೆ, ಎರಡು ಬೆರಳು ಕಡಿಮೆ ಇರಬಹುದು. ಕಡ್ಡಿಯನ್ನು ಎಳೆದು, ವಾದ್ಯವನ್ನು ನಿಲ್ಲಿಸಿ, ಬೆರಳುಹಲಗೆಯ ಮೇಲ್ತುದಿಗೆ ನನ್ನ ಹುಬ್ಬು ಹಿಡಿದು ಅಳತೆ ನೋಡಿದೆ. ಅಲ್ಲಿಂದ ಎರಡು ಬೆರಳು ತಗ್ಗಿಸಿ, ಕಡ್ಡಿಯ ಮೇಲೆ ನೀಲಿ ಟೇಪು ಸುತ್ತಿದೆ. ಜನವರಿಯಲ್ಲಿ ಅವನನ್ನು ನಿಲ್ಲಿಸಿ ಸರಿಯಾಗಿ ನೋಡಬೇಕು. ಬ್ಯಾಂಡ್ ಮೇಷ್ಟ್ರ ತಾಳವಾದ್ಯಗಳ ಹಿಂದೆ ಒಂದು ಎತ್ತರದ ಸ್ಟೂಲು ಇತ್ತು. ಅದನ್ನು ತಂದು ಬೇಸಿನ ಪಕ್ಕ ಇಟ್ಟೆ. ಗೋಡೆಯ ಹತ್ತಿರವಲ್ಲ, ಚೆಲ್ಲೊಗಳ ಪಕ್ಕಕ್ಕೆ, ನಾನು ನಿಲ್ಲುವ ಜಾಗದಿಂದ ಮುಖ ಕಾಣುವಂತೆ.

ಕಮಾನಿಗೆ ಶಿಕಾಗೋದಿಂದ ತಂದ ರಾಳ ಹಚ್ಚಿದೆ. ವಯೊಲಿನ್‌ನ ರಾಳ, ಬೇಸಿಗೆ ಇದಕ್ಕಿಂತ ಮೆತ್ತನೆಯದು ಬೇಕು, ಅದನ್ನು ತರಿಸಬೇಕು. ಖಾಲಿ ಡಿ ನುಡಿಸಿದೆ. ರಿ, ಗ, ಮ, ಪ, ದ. ಕೈ ಎತ್ತಿ ಹಾರಿದೆ. ನಿಷಾದ ಒಂದು ಕೂದಲೆಳೆ ಕೆಳಗಿತ್ತು. ಮತ್ತೆ ಮೊದಲಿನಿಂದ. ನಾಲ್ಕನೆಯ ಸಲ ಸರಿಯಾದ ಜಾಗಕ್ಕೆ ಬಂದೆ, ಮೇಲಿನ ಸ ತುಂಬಿ ಬಂತು. ಕೋಣೆಯ ಆ ತುದಿಯಲ್ಲಿ ಯಾರೋ ತಳದ ತಂತಿಗಳನ್ನು ಸಡಿಲಿಸದೆ ಬಿಟ್ಟುಹೋಗಿದ್ದ ಸ್ನೇರ್ ಡ್ರಮ್ ತಾನಾಗಿ ಝುಂಯ್ ಎಂದು ಕಂಪಿಸಿತು.